ವೆನಿಸ್‌ನ ಗ್ರ್ಯಾಂಡ್ ಕೆನಾಲ್: ನೀರಿನಡಿಯ ಮರ ಕಲ್ಲಾಗಿದೆಯೇ? ಊರು ಮುಳುಗುತ್ತಿರುವುದು ಏಕೆ?

ಇಟಲಿಯ ವೆನಿಸ್ ನಗರದ ಬಗ್ಗೆ ನಿಮ್ಮ ಫೋನಿಗೂ ಒಂದಲ್ಲ ಒಂದು ಫಾರ್ವರ್ಡ್ ಬಂದಿರಬಹುದು. ಇಡೀ ಊರು ಲಕ್ಷಾಂತರ ಮರದ ಕಂಬಗಳ ಮೇಲೆ ನಿಂತಿದೆ, ಆ ಮರ ಈಗ ಕಲ್ಲಾಗಿಬಿಟ್ಟಿದೆ ಎನ್ನುವುದು ಒಂದು. ಲಾಕ್‌ಡೌನ್‌ನಲ್ಲಿ ಅಲ್ಲಿನ ಕಾಲುವೆಗೆ ಡಾಲ್ಫಿನ್‌ಗಳು ಮರಳಿ ಬಂದವು ಎನ್ನುವುದು ಇನ್ನೊಂದು. ವೆನಿಸ್‌ನ ಕಾಲುವೆಗಳೆಲ್ಲ ಬತ್ತಿಹೋದವು ಎಂದು ಒಂದು ವಿಡಿಯೊ ಹೇಳಿದರೆ, ನೀರು ಹಸಿರಾಗಿದೆ, ವಿಷ ಬೆರೆಸಿದ್ದಾರೆ ಎಂದು ಮತ್ತೊಂದು ಹೇಳುತ್ತದೆ.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ಸತ್ಯ. ಚುಟುಕಾಗಿ ಹೇಳುವುದಾದರೆ: ಊರು ಮರದ ಗೂಟಗಳ ಮೇಲೆ ನಿಂತಿರುವುದು ನಿಜ, ಮರ ಕಲ್ಲಾಗಿರುವುದು ನಿಜವಲ್ಲ. ಲಾಕ್‌ಡೌನ್‌ನ ಡಾಲ್ಫಿನ್ ವಿಡಿಯೊ ವೆನಿಸ್‌ನದ್ದಲ್ಲ. ಕಾಲುವೆಗಳು ಬತ್ತಿದ್ದು ತಾತ್ಕಾಲಿಕ, ಅದೂ ಸಣ್ಣ ಕಾಲುವೆಗಳು ಮಾತ್ರ. ಹಸಿರು ಬಣ್ಣ ವಿಷವಾಗಿರಲಿಲ್ಲ. ಈ ಊರಿಗೆ ನಿಜವಾದ ಅಪಾಯ ಇರುವ ಜಾಗವೇ ಬೇರೆ. ಅದು ನೀರಿನ ಮಟ್ಟದಿಂದ ಕೊಂಚ ಮೇಲೆ, ಕಲ್ಲು ಮುಗಿದು ಇಟ್ಟಿಗೆ ಶುರುವಾಗುವಲ್ಲಿದೆ. ಅದು ಹೇಗೆ ಎಂದು ತಿಳಿಯಲು ಈ ಕಾಲುವೆಯ ಕತೆಯನ್ನು ಮೊದಲಿನಿಂದ ನೋಡಬೇಕು.

ಇದು ಮನುಷ್ಯರು ತೋಡಿದ ಕಾಲುವೆಯೇ?

ಹೆಸರು ಕೇಳಿದರೆ ಹಾಗೆ ಅನಿಸುತ್ತದೆ. ಆದರೆ ಗ್ರ್ಯಾಂಡ್ ಕೆನಾಲ್ ಮೂಲತಃ ನಿಸರ್ಗವೇ ಮಾಡಿದ ಹರಿವು. ವೆನಿಸ್ ಇರುವುದು ಏಡ್ರಿಯಾಟಿಕ್ ಸಮುದ್ರದ ಅಂಚಿನ ಒಂದು ಲಗೂನ್‌ನಲ್ಲಿ. ಲಗೂನ್ ಎಂದರೆ ಮರಳಿನ ದಿಬ್ಬಗಳು ಸಮುದ್ರದಿಂದ ಬೇರ್ಪಡಿಸಿದ, ಆಳವಿಲ್ಲದ ಉಪ್ಪುನೀರಿನ ಹರವು. ಸುಮಾರು 550 ಚದರ ಕಿ.ಮೀ. ವಿಸ್ತಾರದ ಈ ಹರವಿಗೆ ಸಮುದ್ರದ ನೀರು ಮೂರು ಬಾಯಿಗಳ ಮೂಲಕ ದಿನವೂ ಒಳಬಂದು ಹೊರಹೋಗುತ್ತದೆ. ಗ್ರ್ಯಾಂಡ್ ಕೆನಾಲ್ ಇಲ್ಲಿ ಹಿಂದೆ ಹರಿಯುತ್ತಿದ್ದ ನದಿಯೊಂದರ ಹಳೆಯ ಪಾತ್ರ ಎಂದು ತಜ್ಞರು ಹೇಳುತ್ತಾರೆ. ಅದು ಊರಿನ ನಡುವೆ ಹಾವಿನಂತೆ ಬಳುಕುತ್ತ ಸಾಗುವುದಕ್ಕೆ ಇದೇ ಕಾರಣ. ಮನುಷ್ಯರೇ ತೋಡಿದ್ದರೆ ನೇರವಾಗಿ ತೋಡುತ್ತಿದ್ದರು.

ಕಾಲುವೆಯ ಉದ್ದ ಸುಮಾರು 3.8 ಕಿ.ಮೀ. ಅಗಲ ಕೆಲವು ಕಡೆ 30 ಮೀಟರ್, ಕೆಲವು ಕಡೆ ಅದರ ಎರಡು ಮೂರು ಪಟ್ಟು. ಸರಾಸರಿ ಆಳ ಸುಮಾರು 5 ಮೀಟರ್. ಒಂದು ತುದಿ ರೈಲು ನಿಲ್ದಾಣದ ಬಳಿ, ಇನ್ನೊಂದು ತುದಿ ಸೇಂಟ್ ಮಾರ್ಕ್ ಚೌಕದ ಎದುರಿನ ವಿಶಾಲ ನೀರಿನಲ್ಲಿ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ಈ ಊರಿಗೆ ಇದೇ ಹೆದ್ದಾರಿ. ನಗರ ಸಾರಿಗೆಯ ಬಸ್ಸಿನ ಬದಲು ಇಲ್ಲಿ ದೋಣಿ ಓಡುತ್ತದೆ. ಆಂಬುಲೆನ್ಸ್, ಅಗ್ನಿಶಾಮಕ ದಳ, ಕಸದ ಗಾಡಿ ಎಲ್ಲವೂ ದೋಣಿಗಳೇ.

ಇಂಥ ಕೆಸರಿನ ಜಾಗದಲ್ಲಿ ಜನ ಬಂದು ನೆಲೆಸಿದ್ದೇಕೆ? ರೋಮನ್ ಸಾಮ್ರಾಜ್ಯ ಕುಸಿಯುವ ಹೊತ್ತಿಗೆ ಮುಖ್ಯಭೂಮಿಯ ಮೇಲೆ ಹೂಣರು, ಆಮೇಲೆ ಲೊಂಬಾರ್ಡರು ದಂಡೆತ್ತಿ ಬಂದರು. ಕುದುರೆ ಏರಿ ಬಂದ ಸೈನ್ಯ ಈ ಆಳವಿಲ್ಲದ, ದಾರಿ ಗೊತ್ತಿಲ್ಲದ ನೀರಿಗೆ ಇಳಿಯುವಂತಿರಲಿಲ್ಲ. ಹೀಗಾಗಿ ಲಗೂನ್ ಆಶ್ರಯವಾಯಿತು. ಒಂಬತ್ತನೇ ಶತಮಾನದ ಆರಂಭದಲ್ಲಿ ಆಡಳಿತ ಕೇಂದ್ರ ಗ್ರ್ಯಾಂಡ್ ಕೆನಾಲ್‌ನ ಸುತ್ತಲಿನ ದ್ವೀಪಗಳಿಗೆ ಬಂತು. ಅಲ್ಲಿಂದ ಮುಂದೆ ಊರು ಈ ನೀರಿನ ಎರಡೂ ದಡಗಳಲ್ಲಿ ಬೆಳೆಯಿತು.

ಕೆಸರಿನ ಮೇಲೆ ಕಟ್ಟಡ ಕಟ್ಟಿದ್ದು ಹೇಗೆ?

ಮೊದಲು ಕಟ್ಟುವ ಜಾಗಕ್ಕೆ ಸುತ್ತ ಅಡ್ಡಗಟ್ಟಿ ನೀರು ಹೊರಹಾಕುತ್ತಿದ್ದರು. ಆಮೇಲೆ ಓಕ್, ಲಾರ್ಚ್, ಆಲ್ಡರ್, ಎಲ್ಮ್ ಮುಂತಾದ ಮರಗಳ ಗೂಟಗಳನ್ನು ಒತ್ತೊತ್ತಾಗಿ ಕೆಸರಿಗೆ ಹೊಡೆಯುತ್ತಿದ್ದರು. ಈ ಕೆಲಸಕ್ಕೆಂದೇ ಇದ್ದ ಕೂಲಿಗಳು ಹಾಡು ಹೇಳುತ್ತ, ಅದರ ಲಯಕ್ಕೆ ಎಲ್ಲರೂ ಒಟ್ಟಿಗೆ ಭಾರ ಎತ್ತಿ ಗೂಟದ ತಲೆಗೆ ಬಡಿಯುತ್ತಿದ್ದರು. ಒಂದು ಚದರ ಮೀಟರ್‌ಗೆ ಸುಮಾರು ಒಂಬತ್ತು ಗೂಟಗಳು ಬೀಳುತ್ತಿದ್ದವು.

ಈ ಗೂಟಗಳು ಆಳದಲ್ಲಿರುವ ಬಂಡೆಯ ಮೇಲೆ ನಿಂತಿವೆ ಎಂದು ಅನೇಕರು ಭಾವಿಸುತ್ತಾರೆ. ಅಲ್ಲಿ ಅಂಥ ಬಂಡೆಯಿಲ್ಲ. ಎಷ್ಟೋ ಗೂಟಗಳ ಉದ್ದವೇ ಮೂರು ಮೂರೂವರೆ ಮೀಟರ್ ದಾಟುವುದಿಲ್ಲ. ಅವು ಭಾರ ಹೊರುವುದು ಬೇರೆ ರೀತಿಯಲ್ಲಿ. ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ: ಉದ್ದ ಕತ್ತಿನ ಬಾಟಲಿಯಲ್ಲಿ ಅಕ್ಕಿಯನ್ನು ಒತ್ತೊತ್ತಿ ತುಂಬಿ, ಅದರೊಳಗೆ ಒಂದು ಕೋಲನ್ನು ಹಲವು ಸಲ ಚುಚ್ಚಿ ತೆಗೆಯಿರಿ. ಅಕ್ಕಿ ಬಿಗಿಯಾದಂತೆ ಒಂದು ಹಂತದಲ್ಲಿ ಕೋಲು ಹೊರಬರುವುದೇ ಇಲ್ಲ. ಅದನ್ನೇ ಹಿಡಿದು ಬಾಟಲಿ ಎತ್ತಬಹುದು. ಅಕ್ಕಿ ಕೋಲನ್ನು ಹಿಡಿದುಕೊಂಡಂತೆ ಕೆಸರು ಗೂಟವನ್ನು ಹಿಡಿದುಕೊಳ್ಳುತ್ತದೆ. ಗೂಟಗಳು ಹೆಚ್ಚಾದಷ್ಟೂ ನಡುವಿನ ಕೆಸರಿನಿಂದ ನೀರು ಹಿಂಡಿಹೋಗಿ ನೆಲ ಗಟ್ಟಿಯಾಗುತ್ತದೆ.

ಗೂಟಗಳ ತಲೆಯನ್ನು ಸಮ ಮಾಡಿ ಅದರ ಮೇಲೆ ದಪ್ಪ ಹಲಗೆಗಳನ್ನು ಹಾಸುತ್ತಿದ್ದರು. ಹಲಗೆಯ ಮೇಲೆ ಇಸ್ಟ್ರಿಯಾ ಪ್ರದೇಶದಿಂದ ಹಡಗಿನಲ್ಲಿ ತಂದ ಬಿಳಿ ಸುಣ್ಣಕಲ್ಲಿನ ದಿಮ್ಮಿಗಳು ಬರುತ್ತಿದ್ದವು. ಈ ಕಲ್ಲಿನಲ್ಲಿ ರಂಧ್ರಗಳು ಬಹಳ ಕಡಿಮೆ, ಹಾಗಾಗಿ ಇದು ನೀರನ್ನು ಹೀರುವುದಿಲ್ಲ ಎನ್ನಬಹುದು. ಅತಿ ಹೆಚ್ಚು ಉಬ್ಬರ ಬಂದಾಗ ನೀರು ಎಲ್ಲಿಗೆ ಮುಟ್ಟುತ್ತದೋ ಅದಕ್ಕಿಂತ ಮೇಲಿನವರೆಗೂ ಈ ಕಲ್ಲನ್ನೇ ಕಟ್ಟುತ್ತಿದ್ದರು. ಅಲ್ಲಿಂದ ಮೇಲಕ್ಕೆ ಹಗುರವಾದ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮರದ ತೊಲೆಗಳು. ನೆಲ ಅಲ್ಪಸ್ವಲ್ಪ ಕುಸಿದರೂ ಗೋಡೆ ಬಿರುಕು ಬಿಡದೆ ಬಾಗಿಕೊಳ್ಳಲಿ ಎನ್ನುವುದು ಇದರ ಹಿಂದಿನ ಜಾಣತನ. ಕಿಟಕಿಗಳನ್ನು ಅಷ್ಟೊಂದು ಇಟ್ಟಿರುವುದರಿಂದಲೂ ಗೋಡೆಯ ಭಾರ ತಗ್ಗುತ್ತದೆ.

ಈ ಬಿಳಿ ಕಲ್ಲಿನ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ. ಕತೆಯ ಕೊನೆಯಲ್ಲಿ ಮತ್ತೆ ಬರುತ್ತದೆ.

ಹಾಗಾದರೆ ಆ ಮರ ಕಲ್ಲಾಗಿದೆಯೇ?

ಇಲ್ಲ. ಮರ ಕೊಳೆಯಬೇಕಾದರೆ ಮುಖ್ಯವಾಗಿ ಶಿಲೀಂಧ್ರ ಬೇಕು, ಶಿಲೀಂಧ್ರಕ್ಕೆ ಗಾಳಿಯ ಆಮ್ಲಜನಕ ಬೇಕು. ನೀರು ತುಂಬಿದ ಕೆಸರಿನೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮರ ಬೇಗ ಹಾಳಾಗದಿರಲು ಇದೇ ಕಾರಣ. ಮರ ನಿಜವಾಗಿ ಕಲ್ಲಾಗಲು, ಅಂದರೆ ಖನಿಜಗಳು ಅದರ ಜೀವಕೋಶಗಳ ಜಾಗವನ್ನು ಪೂರ್ತಿ ತುಂಬಲು, ಸಾಮಾನ್ಯವಾಗಿ ಇದಕ್ಕಿಂತ ಬಹಳ ದೀರ್ಘ ಕಾಲವೂ ಬೇರೆಯೇ ಪರಿಸ್ಥಿತಿಯೂ ಬೇಕು.

ಪಾದುವಾ ಮತ್ತು ವೆನಿಸ್‌ನ ಸಂಶೋಧಕರು ಹಳೆಯ ಗೂಟಗಳ ಮಾದರಿ ತೆಗೆದು ಪರೀಕ್ಷಿಸಿದಾಗ ಕಂಡದ್ದು ಇದು: ಆಮ್ಲಜನಕವಿಲ್ಲದೆಯೂ ಬದುಕಬಲ್ಲ ಬ್ಯಾಕ್ಟೀರಿಯಾಗಳು ಮರವನ್ನು ಬಹಳ ನಿಧಾನವಾಗಿ ತಿನ್ನುತ್ತಲೇ ಇವೆ. ಮರ ಗಟ್ಟಿಯಾಗಿಲ್ಲ, ಮೆತ್ತಗಾಗಿದೆ. ಆದರೆ ಖಾಲಿಯಾದ ಜಾಗಕ್ಕೆ ನೀರು ತುಂಬಿಕೊಂಡಿದೆ, ಸುತ್ತಲಿನ ಕೆಸರು ಬಿಗಿಯಾಗಿ ಒತ್ತಿ ಹಿಡಿದಿದೆ. ಮರ, ನೀರು, ಕೆಸರು ಮೂರೂ ಸೇರಿ ಭಾರ ಹೊತ್ತಿವೆ. ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದೆರಡು ನಿಲ್ಲುವುದಿಲ್ಲ.

ಇದಕ್ಕೆ ಸಾಕ್ಷಿ ಕಾಲುವೆಯಲ್ಲೇ ಇದೆ. ದೋಣಿ ಕಟ್ಟಲು ನೀರಿನಲ್ಲಿ ನಿಲ್ಲಿಸಿರುವ ಬಣ್ಣದ ಕಂಬಗಳೂ ಮರದವೇ. ಉಬ್ಬರ ಇಳಿತಕ್ಕೆ ಸಿಕ್ಕಿ ಒಮ್ಮೆ ಒದ್ದೆ, ಒಮ್ಮೆ ಒಣ ಆಗುವ ಆ ಜಾಗದಲ್ಲಿ ಅವು ಕೊಳೆಯುತ್ತವೆ, ನೀರಿನೊಳಗಿನ ಭಾಗವನ್ನು ಹಡಗುಹುಳು ಕೊರೆಯುತ್ತದೆ. ಅವನ್ನು ಆಗಾಗ ಬದಲಿಸಲೇಬೇಕು. ಉಪ್ಪುನೀರು ಮರವನ್ನು ಕಲ್ಲು ಮಾಡುವ ಹಾಗಿದ್ದರೆ ಈ ಕಂಬಗಳೇ ಮೊದಲು ಕಲ್ಲಾಗಬೇಕಿತ್ತು.

ಅರಮನೆಗಳ ಮುಖ ನೀರಿನ ಕಡೆಗೇಕೆ?

ಗ್ರ್ಯಾಂಡ್ ಕೆನಾಲ್‌ನ ಎರಡೂ ದಡಗಳಲ್ಲಿ 13ರಿಂದ 18ನೇ ಶತಮಾನದವರೆಗಿನ ನೂರೈವತ್ತಕ್ಕೂ ಹೆಚ್ಚು ಕಟ್ಟಡಗಳಿವೆ. ನಾವು ಇವನ್ನು ಅರಮನೆ ಎನ್ನುತ್ತೇವೆ. ನಿಜವಾಗಿ ಇವು ವ್ಯಾಪಾರಿಗಳ ಮನೆ, ಅಂಗಡಿ, ಗೋದಾಮು ಮೂರೂ ಆಗಿದ್ದವು. ನೆಲಮಹಡಿಯಲ್ಲಿ ನೀರಿಗೆ ತೆರೆದ ಬಾಗಿಲು. ಸರಕಿನ ದೋಣಿ ನೇರ ಅಲ್ಲಿಗೇ ಬರುತ್ತಿತ್ತು. ಸರಕು ಕೆಳಗೆ, ಲೆಕ್ಕಪತ್ರದ ಕೋಣೆ ಅದರ ಮೇಲೆ, ಯಜಮಾನನ ಸಂಸಾರ ಇನ್ನೂ ಮೇಲಿನ ಮಹಡಿಯಲ್ಲಿ. ಬೀದಿಯ ಕಡೆಗಿನದು ಹಿಂಬಾಗಿಲು. ಆದ್ದರಿಂದ ಅಲಂಕಾರವೆಲ್ಲ ನೀರಿನ ಕಡೆಗೆ.

ಆ ಸರಕಿನಲ್ಲಿ ನಮ್ಮ ಕಡೆಯದೂ ಇತ್ತು. ಭಾರತದ ಪಶ್ಚಿಮ ಕರಾವಳಿಯ ಕಾಳುಮೆಣಸು ಅರಬ್ ವರ್ತಕರ ಮೂಲಕ ಈಜಿಪ್ಟಿನ ಅಲೆಕ್ಸಾಂಡ್ರಿಯಾ ತಲುಪಿ, ಅಲ್ಲಿಂದ ವೆನಿಸ್ ಹಡಗುಗಳಲ್ಲಿ ಯುರೋಪಿಗೆ ಹೋಗುತ್ತಿತ್ತು. ಇದೇ ಲಗೂನ್‌ನ ದಕ್ಷಿಣ ತುದಿಯ ಕಿಯೊಜ್ಜಾ ಊರಿನ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರ ನೋಡಿದವನು. ಅವನು ನಮ್ಮಲ್ಲಿದ್ದ ಆಸುಪಾಸಿನಲ್ಲೇ ಗ್ರ್ಯಾಂಡ್ ಕೆನಾಲ್‌ನ ದಡದಲ್ಲಿ 'ಕಾ ದೋರೊ', ಅಂದರೆ ಚಿನ್ನದ ಮನೆ, ಏಳುತ್ತಿತ್ತು. ಅದರ ಮುಖಕ್ಕೆ ನಿಜವಾಗಿಯೂ ಚಿನ್ನದ ರೇಕು ಅಂಟಿಸಿದ್ದರು. ತಾಳಿಕೋಟೆ ಯುದ್ಧ ಮುಗಿದ ಎರಡು ವರ್ಷಕ್ಕೆ, 1567ರಲ್ಲಿ, ಪಾಳುಬಿದ್ದ ವಿಜಯನಗರವನ್ನು ಕಂಡು ಬರೆದ ಚೆಸಾರೆ ಫೆದೆರಿಚಿ ಕೂಡ ವೆನಿಸ್‌ನ ವ್ಯಾಪಾರಿಯೇ.

ದಡದ ಕಟ್ಟಡಗಳಲ್ಲಿ ಕಾಲದ ಶೈಲಿಗಳನ್ನು ಓದಬಹುದು. 13ನೇ ಶತಮಾನದ, ಮುಂದೆ ತುರ್ಕಿ ವರ್ತಕರ ತಂಗುದಾಣವಾದ ಕಟ್ಟಡದಲ್ಲಿ ಬೈಜಾಂಟಿಯನ್ ಕಮಾನುಗಳ ಸಾಲು, ಕಾ ದೋರೊದಲ್ಲಿ ಕಸೂತಿಯಂಥ ಗೋಥಿಕ್ ಕಲ್ಲಿನ ಜಾಲಂಧ್ರ, ಕಾ ರೆಜೊನಿಕೊದಲ್ಲಿ ಬರೋಕ್ ಶೈಲಿಯ ದಪ್ಪ ಕಂಬಗಳು. ಕಾಲುವೆಯ ಸಮುದ್ರದ ತುದಿಯಲ್ಲಿ ಸಾಂತಾ ಮರಿಯಾ ದೆಲ್ಲಾ ಸಲೂತೆ ಚರ್ಚ್ ಇದೆ. 1630ರ ಪ್ಲೇಗ್ ಮಾರಿ ತೊಲಗಲೆಂದು ಹರಕೆ ಹೊತ್ತು ಕಟ್ಟಿದ್ದು. ಈ ಒಂದೇ ಚರ್ಚಿನ ಕೆಳಗೆ ಹತ್ತು ಲಕ್ಷಕ್ಕೂ ಹೆಚ್ಚು ಗೂಟಗಳಿವೆ ಎಂದು ದಾಖಲೆಗಳು ಹೇಳುತ್ತವೆ.

ಅಷ್ಟು ದೊಡ್ಡ ಕಾಲುವೆಗೆ ನಾಲ್ಕೇ ಸೇತುವೆ

ಊರಿನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿದ್ದರೂ ಗ್ರ್ಯಾಂಡ್ ಕೆನಾಲ್ ಮೇಲಿರುವುದು ನಾಲ್ಕು. ಶತಮಾನಗಳ ಕಾಲ ಇದ್ದದ್ದು ಒಂದೇ, ರಿಯಾಲ್ಟೊ ಸೇತುವೆ. ಮೊದಲು ದೋಣಿಗಳನ್ನು ಜೋಡಿಸಿದ ಸೇತುವೆ, ಆಮೇಲೆ ಮರದ್ದು. 1444ರಲ್ಲಿ ಮೆರವಣಿಗೆ ನೋಡಲು ಸೇರಿದ ಜನರ ಭಾರಕ್ಕೆ ಮರದ ಸೇತುವೆ ಕುಸಿಯಿತು. ಈಗಿನ ಕಲ್ಲಿನ ಸೇತುವೆ 1588ರಿಂದ 1591ರ ನಡುವೆ ಕಟ್ಟಿದ್ದು. ವಾಸ್ತುಶಿಲ್ಪಿಯ ಹೆಸರು ಅಂತೋನಿಯೊ ದಾ ಪೊಂತೆ. 'ಪೊಂತೆ' ಎಂದರೆ ಸೇತುವೆ ಎಂದೇ ಅರ್ಥ! ಸುಮಾರು 28 ಮೀಟರ್ ಅಗಲವನ್ನು ನಡುವೆ ಕಂಬವಿಲ್ಲದೆ ಒಂದೇ ಕಮಾನಿನಲ್ಲಿ ದಾಟಿಸಿದ್ದಾನೆ. ಇದರ ಬುಡದಲ್ಲಿ ಸುಮಾರು 12,000 ಗೂಟಗಳಿವೆ. ಎರಡನೇ ಸೇತುವೆ ಬಂದದ್ದು 1854ರಲ್ಲಿ, ಮೂರನೆಯದು ರೈಲು ನಿಲ್ದಾಣದ ಮುಂದೆ. ನಾಲ್ಕನೆಯದು ತೀರಾ ಇತ್ತೀಚಿನದು, 2008ರದು.

ಡಾಲ್ಫಿನ್, ಬತ್ತಿದ ಕಾಲುವೆ, ಹಸಿರು ನೀರು

ಈಗ ಫಾರ್ವರ್ಡ್‌ಗಳಿಗೆ ಬರೋಣ. 2020ರ ಮಾರ್ಚ್‌ನಲ್ಲಿ ಹರಿದಾಡಿದ ಡಾಲ್ಫಿನ್ ವಿಡಿಯೊ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ಬಂದರಿನದು. ಹಂಸಗಳ ಚಿತ್ರ ವೆನಿಸ್ ಬಳಿಯ ಬುರಾನೊ ದ್ವೀಪದ್ದು, ಅಲ್ಲಿ ಹಂಸಗಳು ಮೊದಲಿನಿಂದಲೂ ಇವೆ. ಆದರೆ ನೀರು ತಿಳಿಯಾಗಿದ್ದು ನಿಜ. ದೋಣಿಗಳು ನಿಂತದ್ದರಿಂದ ತಳದ ಹೂಳು ಕದಡಲಿಲ್ಲ, ಅಷ್ಟೇ. ತಿಳಿ ನೀರು ಎಂದ ಮಾತ್ರಕ್ಕೆ ಶುದ್ಧ ನೀರು ಎಂದಲ್ಲ. ಇನ್ನೊಂದು ವಿಷಯ: ಒಂದು ವರ್ಷದ ನಂತರ, 2021ರ ಮಾರ್ಚ್‌ನಲ್ಲಿ, ಎರಡು ಡಾಲ್ಫಿನ್‌ಗಳು ನಿಜವಾಗಿಯೂ ಗ್ರ್ಯಾಂಡ್ ಕೆನಾಲ್‌ನ ಬಾಯಿಯವರೆಗೆ ಬಂದವು. ದಾರಿ ತಪ್ಪಿ ಬಂದಿದ್ದ ಅವನ್ನು ಜಾಗ್ರತೆಯಿಂದ ಸಮುದ್ರದ ಕಡೆಗೆ ತಿರುಗಿಸಿ ಕಳಿಸಬೇಕಾಯಿತು.

2023ರ ಫೆಬ್ರುವರಿಯಲ್ಲಿ ಗೊಂಡೋಲಾ ದೋಣಿಗಳು ಕೆಸರಿನಲ್ಲಿ ಕೂತ ಚಿತ್ರಗಳು ಬಂದವು. ಆ ಚಿತ್ರಗಳು ನಿಜ. ವಾತಾವರಣದ ಒತ್ತಡ ಹೆಚ್ಚಾಗಿ, ಚಂದ್ರನ ಸೆಳೆತವೂ ಸೇರಿ, ಇಳಿತ ಅತಿಯಾಗಿತ್ತು. ಬತ್ತಿದ್ದು ಆಳವಿಲ್ಲದ ಸಣ್ಣ ಕಾಲುವೆಗಳು. ಗ್ರ್ಯಾಂಡ್ ಕೆನಾಲ್‌ನಲ್ಲಿ ದೋಣಿ ಓಡುತ್ತಲೇ ಇತ್ತು. ಉಬ್ಬರದ ಹೊತ್ತಿಗೆ ಸಣ್ಣ ಕಾಲುವೆಗಳಿಗೂ ನೀರು ಮರಳುತ್ತಿತ್ತು.

ಅದೇ ವರ್ಷದ ಮೇ 28ರಂದು ರಿಯಾಲ್ಟೊ ಸೇತುವೆಯ ಬಳಿ ನೀರು ಮಿಂಚುವ ಹಸಿರಾಯಿತು. ಪರೀಕ್ಷೆಯಲ್ಲಿ ಕಂಡದ್ದು ಫ್ಲೋರೆಸೀನ್, ಪೈಪುಗಳಲ್ಲಿ ಸೋರಿಕೆ ಹುಡುಕಲು ಬಳಸುವ ಬಣ್ಣ. ಇದೇನೂ ಹೊಸತಲ್ಲ. 1968ರಲ್ಲೇ ಅರ್ಜೆಂಟೀನಾದ ಕಲಾವಿದ ನಿಕೊಲಾಸ್ ಗಾರ್ಸಿಯಾ ಉರಿಬುರು ಇದೇ ಬಣ್ಣ ಬಳಸಿ ಇದೇ ಕಾಲುವೆಯನ್ನು ಹಸಿರಾಗಿಸಿದ್ದ.

ಹಾಗಾದರೆ ಊರು ಮುಳುಗುತ್ತಿರುವುದು ಸುಳ್ಳೇ?

ಅಲ್ಲ, ಅದು ನಿಜ. ಆದರೆ ಗೂಟಗಳು ಮುರಿದು ಮುಳುಗುತ್ತಿಲ್ಲ. ಎರಡು ಕಾರಣಗಳಿವೆ: ನೆಲ ಇಳಿದಿದೆ, ಸಮುದ್ರ ಏರಿದೆ.

ನೆಲ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. 20ನೇ ಶತಮಾನದ ನಡುವೆ ಹತ್ತಿರದ ಮಾರ್ಗೇರಾದ ಕೈಗಾರಿಕೆಗಳಿಗಾಗಿ ಕೊಳವೆ ಬಾವಿಗಳಿಂದ ಎಗ್ಗಿಲ್ಲದೆ ನೀರು ಎತ್ತಿದಾಗ ಇಳಿತ ಜೋರಾಯಿತು. ಕೆಲವೇ ದಶಕಗಳಲ್ಲಿ ಊರು ಸುಮಾರು ಒಂದು ಗೇಣಿನ ಅರ್ಧದಷ್ಟು ಕೆಳಗಿಳಿಯಿತು. 1970ರ ದಶಕದಲ್ಲಿ ಬಾವಿಗಳನ್ನು ಮುಚ್ಚಿದ ಮೇಲೆ ಆ ವೇಗ ನಿಂತಿತು. ಕಳೆದುಕೊಂಡ ಎತ್ತರ ಮಾತ್ರ ಬಹುಪಾಲು ಮರಳಲಿಲ್ಲ. ಅಂತರ್ಜಲ ಬರಿದಾದರೆ ನೆಲವೂ ಕುಸಿಯಬಹುದು ಎಂಬುದಕ್ಕೆ ವೆನಿಸ್ ಇಂದಿಗೂ ಪಠ್ಯಪುಸ್ತಕದ ಉದಾಹರಣೆ.

ಸಮುದ್ರ ಏರಿದ್ದನ್ನು ಅಳೆಯುವ ಮಾಪಕ ಗ್ರ್ಯಾಂಡ್ ಕೆನಾಲ್‌ನ ಬಾಯಲ್ಲೇ, ಸಲೂತೆ ಚರ್ಚಿನ ಬಳಿ ಇದೆ. 1897ರಲ್ಲಿ ನಿಗದಿ ಮಾಡಿದ ಸೊನ್ನೆ ಗುರುತಿಗೆ ಹೋಲಿಸಿದರೆ ಇಂದಿನ ಸರಾಸರಿ ನೀರಿನ ಮಟ್ಟ 30 ಸೆಂ.ಮೀ.ಗೂ ಹೆಚ್ಚು ಮೇಲಿದೆ.

ಅದಕ್ಕೂ ಹಿಂದಿನ ಲೆಕ್ಕವನ್ನು ವಿಜ್ಞಾನಿಗಳು ಪಡೆದದ್ದು ಚಿತ್ರಗಳಿಂದ. 18ನೇ ಶತಮಾನದ ಕಲಾವಿದ ಕನಲೆಟ್ಟೊ ಪೆಟ್ಟಿಗೆಯಂಥ ಕ್ಯಾಮೆರಾ ಅಬ್ಸ್‌ಕ್ಯೂರಾ ಉಪಕರಣದ ನೆರವಿನಿಂದ ಈ ಕಾಲುವೆಯ ಕಟ್ಟಡಗಳನ್ನು ಬಹಳ ಕರಾರುವಾಕ್ಕಾಗಿ ಬರೆದಿದ್ದಾನೆ. ಗೋಡೆಯ ಮೇಲಿನ ಹಸಿರು ಪಾಚಿಯ ಗೆರೆಯನ್ನೂ ಬಿಟ್ಟಿಲ್ಲ. ಇಟಲಿಯ ವಿಜ್ಞಾನಿ ದಾರಿಯೊ ಕಮುಫೊ ಮತ್ತು ಸಂಗಡಿಗರು ಚಿತ್ರದ ಪಾಚಿ ಗೆರೆಯನ್ನು ಅದೇ ಗೋಡೆಗಳ ಇಂದಿನ ಗೆರೆಗೆ ಹೋಲಿಸಿದರು. ಗೆರೆ ಸುಮಾರು 60 ಸೆಂ.ಮೀ. ಮೇಲೆ ಬಂದಿತ್ತು.

ಈಗ ಆ ಬಿಳಿ ಕಲ್ಲಿನ ಪಟ್ಟಿಗೆ ಮರಳೋಣ. ಅದನ್ನು ಕಟ್ಟಿದವರು ತಮ್ಮ ಕಾಲದ ಉಬ್ಬರಕ್ಕೆ ಲೆಕ್ಕ ಹಾಕಿ ಕಟ್ಟಿದ್ದರು. ನೀರು ಆ ಲೆಕ್ಕವನ್ನು ದಾಟಿದೆ. ಉಪ್ಪುನೀರು ಈಗ ಅನೇಕ ಕಡೆ ಕಲ್ಲನ್ನು ಮೀರಿ ಇಟ್ಟಿಗೆಯನ್ನು ಮುಟ್ಟುತ್ತಿದೆ. ಇಟ್ಟಿಗೆ ನೀರನ್ನು ಬತ್ತಿಯಂತೆ ಮೇಲಕ್ಕೆ ಹೀರುತ್ತದೆ. ನೀರು ಆರುತ್ತದೆ, ಉಪ್ಪು ಉಳಿದು ಹರಳುಗಟ್ಟಿ ಒಳಗಿನಿಂದ ಇಟ್ಟಿಗೆಯನ್ನು ಒಡೆಯುತ್ತದೆ. ತೇವ ಹಿಡಿದ ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರುವುದನ್ನು ನಮ್ಮ ಮನೆಗಳಲ್ಲೂ ನೋಡಿರುತ್ತೇವೆ. ಅಲ್ಲಿ ನಡೆಯುತ್ತಿರುವುದು ಅದೇ, ದಿನಕ್ಕೆರಡು ಉಬ್ಬರದ ಲೆಕ್ಕದಲ್ಲಿ. ಇದರ ಜೊತೆಗೆ ಮೋಟಾರು ದೋಣಿಗಳ ಅಲೆ ಕಲ್ಲಿನ ಸಂದಿಯ ಗಾರೆಯನ್ನು ತೊಳೆದು ಹಾಕುತ್ತದೆ.

ಊರನ್ನು ಉಳಿಸಿದ್ದು ಯಾರು?

ಪವಾಡವಂತೂ ಅಲ್ಲ. ನದಿಗಳು ತರುವ ಹೂಳಿನಿಂದ ಲಗೂನ್ ಮುಚ್ಚಿಹೋಗದಿರಲೆಂದು ವೆನಿಸ್ ಗಣರಾಜ್ಯ ಬ್ರೆಂತಾ, ಪಿಯಾವೆಯಂಥ ದೊಡ್ಡ ನದಿಗಳ ದಾರಿಯನ್ನೇ ಬದಲಿಸಿತು. ನೀರಿನ ಉಸ್ತುವಾರಿಗೆಂದೇ 1501ರಲ್ಲಿ ಪ್ರತ್ಯೇಕ ಅಧಿಕಾರ ಮಂಡಳಿ ರಚಿಸಿತು. 18ನೇ ಶತಮಾನದಲ್ಲಿ ಸಮುದ್ರದ ಹೊಡೆತ ತಡೆಯಲು ಉದ್ದದ ಕಲ್ಲಿನ ಗೋಡೆಗಳನ್ನು ಕಟ್ಟಿತು. ಸಣ್ಣ ಕಾಲುವೆಗಳನ್ನು ಒಂದೊಂದಾಗಿ ಅಡ್ಡಗಟ್ಟಿ ನೀರು ತೆಗೆದು, ಹೂಳೆತ್ತಿ, ಗೋಡೆಯ ಬುಡ ದುರಸ್ತಿ ಮಾಡುವ ಕೆಲಸ ನಮ್ಮ ಕಾಲದಲ್ಲೂ ಉಂಟು.

1966ರ ನವೆಂಬರ್ 4ರಂದು ನೀರು ಸೊನ್ನೆ ಗುರುತಿಗಿಂತ 194 ಸೆಂ.ಮೀ. ಏರಿತು. 2019ರ ನವೆಂಬರ್ 12ರಂದು 187 ಸೆಂ.ಮೀ. ಇಂಥ ಪ್ರವಾಹ ತಡೆಯಲು ಲಗೂನ್‌ನ ಮೂರು ಬಾಯಿಗಳಲ್ಲಿ 78 ಉಕ್ಕಿನ ಬಾಗಿಲುಗಳ 'ಮೋಸೆ' ಎಂಬ ವ್ಯವಸ್ಥೆ ಮಾಡಿದ್ದಾರೆ. ಸಾಮಾನ್ಯ ದಿನಗಳಲ್ಲಿ ಬಾಗಿಲುಗಳು ತಳದಲ್ಲಿ ಮಲಗಿರುತ್ತವೆ. ದೊಡ್ಡ ಉಬ್ಬರದ ಮುನ್ಸೂಚನೆ ಇದ್ದಾಗ ಒಳಗೆ ಗಾಳಿ ತುಂಬಿದರೆ ಎದ್ದು ನಿಲ್ಲುತ್ತವೆ. 2020ರ ಅಕ್ಟೋಬರ್ 3ರಂದು ಮೊದಲ ಬಾರಿ ಇದು ಊರನ್ನು ಕಾಯಿತು. ಅದೇ ಡಿಸೆಂಬರ್‌ನಲ್ಲಿ ಮುನ್ಸೂಚನೆ ತಪ್ಪಿದ್ದರಿಂದ ಬಾಗಿಲು ಎತ್ತಲಿಲ್ಲ, ಊರಿಗೆ ನೀರು ನುಗ್ಗಿತು. ಸಮುದ್ರ ಏರಿದಂತೆ ಬಾಗಿಲುಗಳನ್ನು ಹೆಚ್ಚು ಹೆಚ್ಚು ಸಲ ಮುಚ್ಚಬೇಕಾಗುತ್ತದೆ. ಆದರೆ ಲಗೂನ್ ಜೀವಂತವಾಗಿರಲು ಸಮುದ್ರದ ನೀರು ಬಂದುಹೋಗಲೇಬೇಕು. ಈ ಇಕ್ಕಟ್ಟಿಗೆ ಇನ್ನೂ ಪರಿಹಾರ ಸಿಕ್ಕಿಲ್ಲ.

ಇನ್ನೊಂದು ಇಕ್ಕಟ್ಟು ಜನರದ್ದು. 1950ರ ದಶಕದ ಆರಂಭದಲ್ಲಿ ಈ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಕಾಲುವೆಯ ದಡದ ಎಷ್ಟೋ ಮನೆಗಳು ಹೋಟೆಲ್‌ಗಳಾಗಿವೆ. ಗೋಡೆಯ ಬುಡದ ಇಟ್ಟಿಗೆ ಉದುರಿದರೆ ಮೊದಲು ಕಾಣುವುದು ಅಲ್ಲೇ ಬದುಕುವವರಿಗೆ.

ಮರ ಕಲ್ಲಾಗಿದೆ ಎಂಬ ಫಾರ್ವರ್ಡ್‌ನಲ್ಲಿ ಇರುವ ದೊಡ್ಡ ತಪ್ಪು ವಿಜ್ಞಾನದ್ದಷ್ಟೇ ಅಲ್ಲ. ಒಮ್ಮೆ ಚೆನ್ನಾಗಿ ಕಟ್ಟಿಬಿಟ್ಟರೆ ಆಮೇಲೆ ಯಾರೂ ಏನೂ ಮಾಡಬೇಕಿಲ್ಲ ಎಂಬ ನಂಬಿಕೆಯನ್ನು ಅದು ಹಂಚುತ್ತದೆ. ನಿಸರ್ಗ ಒಂದೇ ವಾರದಲ್ಲಿ ಎಲ್ಲ ಸರಿಮಾಡಿತು ಎಂಬ ಡಾಲ್ಫಿನ್ ವಿಡಿಯೊ ಹೇಳುವುದೂ ಅದನ್ನೇ. ಗ್ರ್ಯಾಂಡ್ ಕೆನಾಲ್‌ನ ಇತಿಹಾಸ ಹೇಳುವುದು ಇದಕ್ಕೆ ವಿರುದ್ಧವಾದ ಮಾತು: ಈ ಊರು ಇಷ್ಟು ಕಾಲ ನಿಂತಿರುವುದು ಹೂಳೆತ್ತಿದವರಿಂದ, ಕಂಬ ಬದಲಿಸಿದವರಿಂದ, ಬಾವಿ ಮುಚ್ಚಿಸಿದವರಿಂದ. ಮುಂದಿನ ಸಲ ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಈ ಮಾತನ್ನೂ ಜೊತೆಗೆ ಕಳಿಸಿ.